ಕಣ್ಣಿಲ್ಲದ ಕಾಳು

"ಏಳು ಪಾಯಿಂಟ್ ಒಂದು" ಎಂದಳು ನರ್ಸು ಫರ್ಜಾನಾ. ಹೇಳಿ ಸುಮ್ಮನಾಗದೆ ಚೀಟಿಯನ್ನು ಇನ್ನೊಮ್ಮೆ ನೋಡಿದಳು, ಆಮೇಲೆ ನನ್ನ ಮಗಳ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದಳು. ಅಲ್ಲಿ ಕೆಂಪು ಎಂಬುದೇ ಇರಲಿಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು.

ನನಗೆ ಮೊದಲು ಬಂದದ್ದು ಸಿಟ್ಟು. ಏನೇ ಆಗಲಿ, ನನಗೆ ಮೊದಲು ಬರುವುದು ಅದೇ.

"ನಿಮ್ಮ ಮಷಿನ್ ಕೆಟ್ಟಿರಬೇಕು ನೋಡ್ರಿ ಸಿಸ್ಟರ್" ಎಂದೆ. "ಏಳು ವಾರದ ಹಿಂದ ಒಂಬತ್ತೂವರಿ ಇತ್ತು. ಅದೂ ಅತ್ತಿ ಮನ್ಯಾಗ ಇದ್ದಾಗ. ಈಗ ನನ್ನ ಮನ್ಯಾಗ ಅದಾಳ. ನನ್ನ ಮನಿ ಊಟಾ ಉಂಡು ರಕ್ತ ಇಳೀತೈತೇನು?"

"ಮಷಿನ್ ಸರಿ ಐತ್ರಿ ಅಕ್ಕಾರ. ಎರಡು ಸಲ ನೋಡೇವಿ."

ತನುಜಾ ಗೋಡೆಗೆ ಒರಗಿ, ಎಂಟೂವರೆ ತಿಂಗಳ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತಿದ್ದಳು. ಚೊಚ್ಚಲು ಬಸಿರು. ಹೆರಿಗೆಗೆ ಇನ್ನು ನಾಲ್ಕು ವಾರ ಉಳಿದಿತ್ತು. ರಕ್ತ ಹತ್ತರ ಮೇಲಿದ್ದರೆ ಚಿಂತೆಯಿಲ್ಲ, ಏಳರ ಕೆಳಗೆ ಹೋದರೆ ಹಾನಗಲ್ಲಿನ ಈ ದವಾಖಾನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಹಾವೇರಿಗೆ ಕಳಿಸುತ್ತೇವೆ, ಅಲ್ಲಿ ರಕ್ತದ ಚೀಲ ತಯಾರಿಟ್ಟುಕೊಂಡೇ ಹೆರಿಗೆ ಮಾಡಿಸಬೇಕು ಎಂದು ಫರ್ಜಾನಾ ಬಿಡಿಸಿ ಹೇಳಿದಳು. ಹೆರಿಗೆಯಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಹೋಗುವಷ್ಟೇ ರಕ್ತ ಹೋದರೂ ಇವಳಿಗೆ ತಡೆಯಲಾಗದು ಎಂದಳು.

"ತಡಿಯೂದಿಲ್ಲ ಅಂದ್ರ?"

ಅವಳು ತಾಯಿ ಕಾರ್ಡಿನಲ್ಲಿ ಕೆಂಪು ಪೆನ್ನಿನಿಂದ ಗೆರೆ ಎಳೆದಳು.

ನಮ್ಮ ಕಡೆ ಮೊದಲ ಹೆರಿಗೆ ತವರುಮನೆಯದು. ಏಳನೇ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿಸಿಕೊಂಡು ಕರೆದು ತಂದ ಮೇಲೆ ಆ ಬಸಿರಿಗೆ ತವರಿನವರೇ ಹೊಣೆ. ಒಳ್ಳೆಯದಾದರೆ ಯಾರೂ ಹೆಸರು ಹೇಳುವುದಿಲ್ಲ, ಕೆಟ್ಟದ್ದಾದರೆ ಹೆತ್ತವಳ ಹೆಸರು ನಾಲ್ಕು ತಾಲೂಕಿಗೂ ಗೊತ್ತಾಗುತ್ತದೆ. ಆ ಮಾತಿಗೆ ನಾನು ಹೆದರಿದವಳಲ್ಲ. ಯಾಕೆಂದರೆ ಅಕ್ಕಿಆಲೂರಿನ ನಮ್ಮ ಓಣಿಯಲ್ಲಿ ಕಡಿಮೆ ದುಡ್ಡಿನಲ್ಲಿ ಹೊಟ್ಟೆತುಂಬ, ಮೈಗೆ ಹತ್ತುವ ಹಾಗೆ ಅಡುಗೆ ಮಾಡುವವಳು ಯಾರು ಎಂದು ಕೇಳಿದರೆ ಚಿಕ್ಕ ಹುಡುಗರೂ ಮಂಜವ್ವನ ಮನೆ ತೋರಿಸುತ್ತಾರೆ. ಇದು ಜಂಬವಲ್ಲ. ಜಂಬವೇ ಅಂದುಕೊಳ್ಳಿ, ಅಡ್ಡಿಯಿಲ್ಲ.

ನನ್ನ ಗಂಡ ನೀಲಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ಕಿರಾಣಿ, ಕಾಯಿಪಲ್ಯೆ ಎಲ್ಲ ಸೇರಿ ವಾರಕ್ಕೆ ಐನೂರು ರೂಪಾಯಿ ದಾಟಿದರೆ ನಮ್ಮ ಬಂಡಿ ನಿಂತಂತೆ. ಹಾಗಾಗಿ ನಾನು ಸಂತೆಗೆ ಹೋಗುವುದೇ ಹೊತ್ತು ಮುಳುಗುವಾಗ. ಆಗ ಪಲ್ಯೆ ಮಾರುವವರಿಗೆ ಊರಿನ ಬಸ್ಸು ತಪ್ಪುವ ಚಿಂತೆ. ಒಂದು ಸೂಡು ಮೆಂತೆ ಕೊಡುವ ದುಡ್ಡಿಗೆ ಮೂರು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನುಗ್ಗೆಸೊಪ್ಪಿಗೆ ನಾನು ಈ ಜನ್ಮದಲ್ಲಿ ದುಡ್ಡು ಕೊಟ್ಟಿಲ್ಲ, ಶಾಲೆಯ ಹಿಂದಿನ ಗಿಡ ಇದೆ. ಬೇಳೆ ತುಟ್ಟಿಯಾದಾಗ ಹೆಸರುಕಾಳು, ಮಡಿಕೆಕಾಳು ನೆನೆಹಾಕಿ ಮೊಳಕೆ ಬರಿಸುತ್ತೇನೆ, ಒಂದು ಹಿಡಿ ಕಾಳು ಮೂರು ಹಿಡಿಯಾಗುತ್ತದೆ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಪುಂಡಿಪಲ್ಯೆ, ಜೋಳದ ರೊಟ್ಟಿ, ಮೇಲೆ ಶೇಂಗಾ ಬೆಲ್ಲ. ತನುಜಾ ಬಂದ ದಿನದಿಂದ ಅವಳ ತಾಟು ಖಾಲಿ ಇದ್ದದ್ದೇ ಇಲ್ಲ. ಕಬ್ಬಿಣದ ಗುಳಿಗೆ ನುಂಗಿದರೆ ಅವಳಿಗೆ ವಾಂತಿಯಾಗುತ್ತಿತ್ತು. "ಬಿಡವ್ವಾ ಆ ಗುಳಿಗಿ, ಊಟದಾಗ ರಕ್ತ ತುಂಬೂ ಜವಾಬ್ದಾರಿ ನಂದು" ಎಂದು ನಾನೇ ಹೇಳಿದ್ದೆ.

ಇಷ್ಟೆಲ್ಲಕ್ಕಿಂತ ನನಗೆ ಹೆಚ್ಚಿನ ಹೆಮ್ಮೆ ಇದ್ದದ್ದು ನಮ್ಮ ಅನ್ನದ ಬಗ್ಗೆ.

ಅಕ್ಕಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೊಣಕಾಲು ಹಿಡಿದುಕೊಳ್ಳುವವರೆಗೆ ಹನ್ನೊಂದು ವರ್ಷ ಅದೇ ಗಿರಣಿಯಲ್ಲಿ ಅಕ್ಕಿ ಹಸನು ಮಾಡಿದವಳು ನಾನು. ಕಣ್ಣು ಮುಚ್ಚಿ ಬೆರಳಲ್ಲಿ ತಿಕ್ಕಿ ಹಳೇ ಅಕ್ಕಿ ಯಾವುದು, ಹೊಸದು ಯಾವುದು ಎಂದು ಹೇಳುತ್ತೇನೆ. ಎಂಟು ತಿಂಗಳ ಹಿಂದೆ ರೇಷನ್ ಅಕ್ಕಿಯನ್ನು ಮೊರದಲ್ಲಿ ಹಾಕಿಕೊಂಡು ಕುಳಿತಾಗ ಕೈಗೆ ಬೇರೆಯದೇ ಒಂದು ಕಾಳು ಸಿಕ್ಕಿತು. ಅಳತೆ ಅಕ್ಕಿಯದೇ, ಬಣ್ಣ ಮಾತ್ರ ಮಾಸಲು, ಮೈ ನುಣುಪು. ಅಕ್ಕಿಕಾಳಿನ ಒಂದು ತುದಿಯಲ್ಲಿ ಮೊಳಕೆ ಒಡೆಯುವ ಜಾಗ ಸಣ್ಣಗೆ ಕಚ್ಚಿ ತೆಗೆದಂತೆ ಇರುತ್ತದೆ, ನಾನು ಅದಕ್ಕೆ ಕಣ್ಣು ಎನ್ನುತ್ತೇನೆ. ಈ ಕಾಳಿಗೆ ಕಣ್ಣೇ ಇರಲಿಲ್ಲ. ಹುಡುಕಿದರೆ ಹಿಡಿಗೆ ಹದಿನೈದು ಇಪ್ಪತ್ತು ಅಂಥವು ಸಿಕ್ಕವು. ನೀರಿಗೆ ಹಾಕಿದೆ, ತೇಲಿದವು. ಹಲ್ಲಿನಲ್ಲಿ ಕಚ್ಚಿದೆ, ಕಟಕ್ ಎನ್ನದೆ ಹಿಟ್ಟಾಯಿತು. ಅದೇ ವಾರ ನಮ್ಮ ಸ್ತ್ರೀಶಕ್ತಿ ಸಂಘದ ಗುಂಪಿಗೆ ಯಾರೋ ಮೊಬೈಲಿನಲ್ಲಿ ಒಂದು ವಿಡಿಯೋ ಕಳಿಸಿದ್ದರು, ಪ್ಲಾಸ್ಟಿಕ್ ಅಕ್ಕಿ ಬಂದಿದೆ, ಎಚ್ಚರ ಎಂದು. ಮುಗಿಯಿತು. ನನಗೆ ಇನ್ನಾವ ಸಾಕ್ಷಿಯೂ ಬೇಕಾಗಿರಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಅಕ್ಕಿಯನ್ನು ಬಿಸಿಲಿಗೆ ಹರಡಿ, ಒಂದೊಂದೇ ಕಣ್ಣಿಲ್ಲದ ಕಾಳನ್ನು ಆರಿಸಿ ಉಪ್ಪಿನಕಾಯಿಯ ಹಳೇ ಬಾಟಲಿಗೆ ಹಾಕುತ್ತ ಬಂದೆ. ಕೋಳಿಗೂ ಹಾಕಲಿಲ್ಲ, ಪಾಪ ಅವು ಯಾಕೆ ಸಾಯಬೇಕು? ಸಂಘದ ಇಪ್ಪತ್ಮೂರು ಮನೆಯವರಿಗೂ ಆರಿಸುವುದನ್ನು ಕಲಿಸಿದೆ. ಬಾಟಲಿ ತುಂಬಿದ ದಿನ ತಾಲೂಕು ಕಚೇರಿಗೆ ಒಯ್ದು ಸಾಹೇಬರ ಮೇಜಿನ ಮೇಲೆ ಕುಕ್ಕಿ, "ಇದನ್ನ ನಿಮ್ಮ ಮಕ್ಕಳಿಗೆ ಉಣಸ್ರಿ" ಎನ್ನುವುದು ನನ್ನ ಲೆಕ್ಕಾಚಾರವಾಗಿತ್ತು.

ತನುಜಾಳ ಅತ್ತೆ ಹುಚ್ಚವ್ವ ಸವಣೂರಿನವಳು, ಬಡವಿ, ಮೆತ್ತಗಿನ ಹೆಂಗಸು. ಕುಬಸಕ್ಕೆ ಅವರ ಮನೆಗೆ ಹೋದಾಗ ನನ್ನ ಕಣ್ಣಾರೆ ನೋಡಿದೆ, ಅಕ್ಕಿಯನ್ನು ಮೊರಕ್ಕೆ ಹಾಕಿ ಕೇರಿ, ಕಲ್ಲು ತೆಗೆದು, ಒಂದು ಸಲ ತೊಳೆದು ಒಲೆಗೆ ಏರಿಸಿಬಿಟ್ಟಳು. ಬಿಳಿಚಿಕೊಂಡ ಮಗಳನ್ನು ಕರೆದುಕೊಂಡು ಬಂದ ಮಾರನೆಯ ದಿನ ಬೀಗತಿಗೆ ಫೋನು ಹಚ್ಚಿ ಉಗಿದು ಉಪ್ಪಿನಕಾಯಿ ಹಾಕಿದೆ.

"ಏನ್ರಿ ಬೀಗತ್ಯಾರ, ಬಸುರಿ ಹೆಣ್ಣಿಗೆ ಪ್ಲಾಸ್ಟಿಕ್ ತಿನ್ನಿಸಿ ಕಳಿಸೀರಲ್ಲ? ಕಣ್ಣು ಕಾಣೂದಿಲ್ಲೇನು ನಿಮಗ? ಆರಿಸಾಕ ಬ್ಯಾಸರಾ?"

"ಹಂಗಲ್ರಿ ಅಕ್ಕಾರ, ಅದು ಪ್ಲಾಸ್ಟಿಕ್ ಅಲ್ಲಂತ್ರಿ…"

"ಅಲ್ಲಂತ! ಯಾರು ಹೇಳಿದ್ರು? ಹನ್ನೊಂದು ವರ್ಷ ಗಿರಣ್ಯಾಗ ಕುಂತಾಕಿ ನಾನು. ಅಕ್ಕಿ ಹೆಂಗಿರತೈತಿ ಅನ್ನೂದನ್ನ ನೀವು ನನಗ ಹೇಳಬ್ಯಾಡ್ರಿ."

"ಆಗಲ್ರಿ" ಎಂದಳು ಹುಚ್ಚವ್ವ. ಫೋನು ಇಟ್ಟಳು. ತನುಜಾ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಳು. ಗೆದ್ದ ಖುಷಿಯಲ್ಲಿ ನಾನು ಅವಳಿಗೆ ಇನ್ನೊಂದು ಸೌಟು ಅನ್ನ ಬಡಿಸಿದೆ.

ಈಗ ದವಾಖಾನೆಯಲ್ಲಿ ಫರ್ಜಾನಾ ಕೇಳುತ್ತಿದ್ದಳು, "ದಿನಾ ಏನೇನು ಉಣ್ತಾಳ್ರಿ?" ನಾನು ಒಂದೂ ಬಿಡದೆ ಒಪ್ಪಿಸಿದೆ. ಮೆಂತೆ, ನುಗ್ಗೆ, ಪುಂಡಿ, ಮೊಳಕೆಕಾಳು, ಶೇಂಗಾ. ಅವಳು ತಲೆದೂಗುತ್ತ ಹೋದಳು. "ಚಲೋನ ಉಣಿಸೀರಿ" ಎಂದಳು, ಅವಳ ಮುಖದಲ್ಲಿ ಗೊಂದಲ. "ಗುಳಿಗಿ?"

"ಕಕ್ಕತಾಳ. ಬಿಡಿಸೇನಿ."

"ಅಯ್ಯ, ನಮಗ ಹೇಳಬೇಕಿಲ್ರಿ? ಬ್ಯಾರೆ ಕೊಡತಿದ್ವಿ. ಪಲ್ಯಾ ಎಷ್ಟ ತಿಂದ್ರೂ ಬಸುರಿಗೆ ಅದಷ್ಟ ಸಾಲೂದಿಲ್ಲ. ಇರಲಿ, ಅನ್ನಕ್ಕ ಯಾವ ಅಕ್ಕಿ? ರೇಷನ್ನಿಂದಾ?"

ಅದೇ ಹೊತ್ತಿಗಾಗಿ ಕಾಯುತ್ತಿದ್ದೆನೋ ಎಂಬಂತೆ ನನ್ನ ನಾಲಿಗೆ ಹರಿಯಿತು. ಬಾಟಲಿ ಅಂದು ನನ್ನ ಚೀಲದಲ್ಲೇ ಇತ್ತು. ಹೇಗೂ ಹಾನಗಲ್ಲಿಗೆ ಬಂದಿದ್ದೇನೆ, ತಪಾಸಣೆ ಮುಗಿಸಿ ಹಾಗೇ ತಾಲೂಕು ಕಚೇರಿಗೆ ಹೋಗೋಣ ಎಂದು ತಂದಿದ್ದೆ.

"ಈಗ ಸಿಕ್ತು ನೋಡ್ರಿ ಖರೇ ರೋಗ!" ಎಂದು ಬಾಟಲಿಯನ್ನು ಅವಳ ಮೇಜಿನ ಮೇಲೆ ಕುಕ್ಕಿದೆ. ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ತಿರುಗಿದರು. "ನಿಮ್ಮ ಸರಕಾರ ನಮಗ ಉಣಿಸೂ ಪ್ಲಾಸ್ಟಿಕ್ ಇದು. ಎಂಟು ತಿಂಗಳು ಒಂದೊಂದ ಕಾಳು ಆರಿಸಿ ಇಟ್ಟೇನಿ. ಅತ್ತಿ ಮನ್ಯಾಗ ಇದನ್ನ ತಿಂದ ಇಕಿ ರಕ್ತ ಒಣಗೇತಿ. ನನ್ನ ಮನ್ಯಾಗ ಒಂದ ಕಾಳೂ ಇಕಿ ಹೊಟ್ಟಿಗೆ ಹೋಗಿಲ್ಲ, ಬೇಕಾದ್ರ ಆಣಿ ಮಾಡತೇನಿ!"

ಫರ್ಜಾನಾ ಬಾಟಲಿಯ ಮುಚ್ಚಳ ತೆಗೆದಳು. ಅಂಗೈಗೆ ಒಂದಿಷ್ಟು ಸುರಿದುಕೊಂಡಳು. ನಾನು ಅವಳು ಬೆಚ್ಚಿಬೀಳುವುದನ್ನು ಕಾಯುತ್ತಿದ್ದೆ. ಅವಳು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದಳು.

"ಅಯ್ಯ, ಉಗಳ್ರಿ!" ಎಂದು ಕೂಗಿದೆ.

ಅವಳು ನುಂಗಿದಳು. "ಒಂದ ಕಾಳೂ ಹೋಗಿಲ್ಲ ಅಂದ್ರಿ?"

"ಒಂದೂ ಇಲ್ಲ."

"ಅಕ್ಕಾರ, ಕುಂದರ್ರಿ" ಎಂದಳು. ನಾನು ಕೂರಲಿಲ್ಲ. "ಇದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿನ್ಯಾಗ ಕಬ್ಬಿಣದ ಅಂಶ, ಬಿ ಹನ್ನೆರಡು, ಬಸುರ್‍ಯಾರಿಗೆ ಕೊಡತೇವಲ್ಲ ಆ ಫೋಲಿಕ್ ಆ್ಯಸಿಡ್, ಎಲ್ಲಾ ಕಲಿಸಿ, ಮಷಿನ್ಯಾಗ ಕಾಳಿನಂಗ ಒತ್ತಿ ಮಾಡ್ತಾರ. ನೂರು ಕಾಳಿಗೆ ಒಂದರಂಗ ಅಕ್ಕಿಗೆ ಬೆರಸ್ತಾರ. ರಕ್ತ ಕಡಿಮಿ ಇದ್ದಾರಿಗೆ ಆಗಲಿ ಅಂತನ."

"ಸುಳ್ಳು!" ಎಂದೆ. "ಇದಕ್ಕ ಕಣ್ಣಿಲ್ಲ. ನೀರಾಗ ತೇಲತೈತಿ. ಇದು ಭತ್ತದಾಗ ಹುಟ್ಟಿದ್ದಲ್ಲ, ಬರದ ಕೊಡತೇನಿ!"

"ಖರೇ ಐತ್ರಿ ನೀವು ಹೇಳೂದು. ಇದು ಭತ್ತದಾಗ ಹುಟ್ಟಿಲ್ಲ. ನಿಮ್ಮಷ್ಟು ಅಕ್ಕಿ ಗೊತ್ತಿದ್ದಾರು ಅಷ್ಟ ಇದನ್ನ ಹಿಂಗ ಒಂದೂ ಬಿಡದಂಗ ಆರಿಸಾಕ ಸಾಧ್ಯ. ಉಳಿದಾರಿಗೆ ಕಾಣೂದ ಇಲ್ಲ." ಅವಳ ದನಿಯಲ್ಲಿ ಕುಹಕವಿರಲಿಲ್ಲ, ಅದಕ್ಕೇ ಅದು ಹೆಚ್ಚು ತಾಕಿತು. "ರೇಷನ್ ಅಂಗಡ್ಯಾಗ ಬೋರ್ಡ್ ಹಾಕ್ಯಾರಲ್ರಿ, ಸಾರವರ್ಧಿತ ಅಕ್ಕಿ ಅಂತ?"

ಆ ಬೋರ್ಡನ್ನು ನಾನು ಓದಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವಳು, ಓದಲು ಬರದೆ ಏನು? ಸಾರವರ್ಧಿತ ಅಂದರೆ ಸಾರಿನ ಜೊತೆ ಉಣ್ಣಲು ರುಚಿಯಾದ ಅಕ್ಕಿ ಎಂದುಕೊಂಡು, ಸರಕಾರಕ್ಕೆ ಸಾರಿನ ಚಿಂತೆ ಯಾಕೋ ಎಂದು ನಕ್ಕು ಬಂದಿದ್ದೆ. ಅದನ್ನು ಫರ್ಜಾನಾಳಿಗೆ ಹೇಳಿದೆ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬೇರೆ ದಿನವಾಗಿದ್ದರೆ ನಕ್ಕವಳ ಜುಟ್ಟು ಹಿಡಿಯುತ್ತಿದ್ದೆ. ಅಂದು ತಿರುಗಿಯೂ ನೋಡಲಿಲ್ಲ.

ಬಾಟಲಿಯನ್ನೇ ನೋಡುತ್ತಿದ್ದೆ. ಎಂಟು ತಿಂಗಳು, ಕಣ್ಣು ನೀರಾಡುವವರೆಗೆ ಬಿಸಿಲಲ್ಲಿ ಕುಳಿತು, ನಮ್ಮೆಲ್ಲರ ಒಳಗೆ, ಏಳು ವಾರದಿಂದ ಮಗಳ ಒಳಗೂ ಹೋಗಬೇಕಾದದ್ದನ್ನು ನಾನೇ ನನ್ನ ಈ ಬೆರಳುಗಳಿಂದ ಹೆಕ್ಕಿ ಹೆಕ್ಕಿ ಹೊರಗಿಟ್ಟಿದ್ದೆ. ಹುಚ್ಚವ್ವನ ಮನೆಯಲ್ಲಿ ಒಂಬತ್ತೂವರೆ ಇದ್ದದ್ದು ನನ್ನ ಮನೆಯಲ್ಲಿ ಏಳಾಗಿತ್ತು. ಬೇರೆ ಯಾವ ಮಾತಾಡಿದರೂ ಈ ಎರಡು ಅಂಕಿ ಹಾಗೇ ಉಳಿಯುತ್ತಿದ್ದವು.

"ಬರೇ ಇದೊಂದರಿಂದ ಹಿಂಗಾಗಿಲ್ರಿ" ಎಂದಳು ಫರ್ಜಾನಾ, ನನ್ನ ಮುಖ ನೋಡಿ. "ಕಡೀ ತಿಂಗಳದಾಗ ಕೂಸು ಭಾಳ ಎಳಕೊಳ್ತೈತಿ. ಗುಳಿಗಿ ಬ್ಯಾರೆ ನಿಂತಿತ್ತು. ಆದ್ರ ಬಂದದ್ದನ್ನ ಆರಿಸಿ ಹೊರಗ ಹಾಕಿದ್ರಿ. ಅದೂ ಸೇರ್ತು." ಸಮಾಧಾನಕ್ಕೆ ಹೇಳಿದಳೋ, ಲೆಕ್ಕ ಒಪ್ಪಿಸಿದಳೋ ತಿಳಿಯಲಿಲ್ಲ.

ಡಾಕ್ಟರು ಬಂದು ನೋಡಿದರು. ಇವತ್ತೇ ಕಬ್ಬಿಣದ ಔಷಧವನ್ನು ಸಲಾಯಿನ್ ಜೊತೆ ಏರಿಸೋಣ, ದಿನ ಬಿಟ್ಟು ದಿನ ಐದು ಸಲ ಆಗಬೇಕು, ನಾಲ್ಕು ವಾರದಲ್ಲಿ ಒಂಬತ್ತಕ್ಕೆ ಬಂದರೆ ಗೆದ್ದಂತೆ, ಬರದಿದ್ದರೆ ಹಾವೇರಿಯೇ ಎಂದರು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅದಕ್ಕೂ ಅವಕಾಶ ಸಿಗಲಿಲ್ಲ.

ವಾರ್ಡಿನಲ್ಲಿ ತನುಜಾಳ ಕೈಗೆ ಸೂಜಿ ಚುಚ್ಚಿ, ಕಂದು ಬಣ್ಣದ ಔಷಧ ಹನಿಹನಿಯಾಗಿ ಇಳಿಯಲು ಬಿಟ್ಟರು. ನಾನು ಪಕ್ಕದ ಸ್ಟೂಲಿನಲ್ಲಿ ಕುಳಿತು ಮೊಬೈಲು ತೆಗೆದೆ. ಇಪ್ಪತ್ಮೂರು ಮನೆ ನೆನಪಾಗಿ ಮೈ ಬೆವರಿತ್ತು. ಸಂಘದ ಗುಂಪಿಗೆ ದನಿ ಮುದ್ರಿಸಿ ಕಳಿಸಿದೆ, "ಯಾರೂ ಅಕ್ಕಿ ಆರಿಸಬ್ಯಾಡ್ರಿ, ಆ ಕಾಳು ಔಷಧ ಐತಂತ, ನಂದು ತಪ್ಪಾಗೇತಿ" ಎಂದು. ತಪ್ಪಾಗಿದೆ ಎಂಬ ಮಾತು ನನ್ನ ಬಾಯಿಂದ ಬಂದದ್ದನ್ನು ನಾನೇ ಎರಡು ಸಲ ಹಾಕಿ ಕೇಳಿದೆ. ಐದು ನಿಮಿಷಕ್ಕೆ ಪಕ್ಕದ ಮನೆಯ ಮಾಲಾಳ ಉತ್ತರ ಬಂತು.

"ಮಂಜಕ್ಕಾ, ತಾಲೂಕು ಕಚೇರ್‍ಯಾಗ ಯಾರರ ಅಂಜಿಸ್ಯಾರೇನು? ನೀ ಅಂಜಬ್ಯಾಡ. ನಾವೆಲ್ಲಾ ನಿನ್ನ ಬೆನ್ನಿಗೆ ಅದೇವಿ. ಯಾರೇನ ಹೇಳಿದ್ರೂ ಆರಿಸೂದು ಬಿಡೂದಿಲ್ಲ."

ಅದರ ಕೆಳಗೆ ಹನ್ನೊಂದು ಮಂದಿ ಹೆಬ್ಬೆರಳಿನ ಚಿತ್ರ ಒತ್ತಿದ್ದರು. ಹಾಗೆ ಹಟ ಹಿಡಿಯುವುದನ್ನು ಅವರಿಗೆ ಕಲಿಸಿದವಳೂ ನಾನೇ. ಮೊಬೈಲನ್ನು ಮಡಿಲಲ್ಲಿ ಬೋರಲು ಹಾಕಿದೆ.

"ಯಾರವ್ವಾ?" ಎಂದಳು ತನುಜಾ.

"ಮಾಲಾ. ನಂಬೂದಿಲ್ಲಂತ ಆಕಿ. ನನ್ನ ಮಾತಿನ ಮ್ಯಾಲೆ ಎಷ್ಟು ವಿಶ್ವಾಸ ನೋಡು ಓಣಿಗೆ" ಎಂದು ನಗಲು ನೋಡಿದೆ. ನಗು ಬರಲಿಲ್ಲ. ಅಳು ಬಂತು. ಮಗಳ ಎದುರು ನಾನು ಅತ್ತದ್ದು ಅವಳ ಮದುವೆಯಲ್ಲಿ ಬಿಟ್ಟರೆ ಅದೇ ಮೊದಲು. "ನನಗ ಗೊತ್ತಿರಲಿಲ್ಲ ತನು. ದೇವರಾಣೆ ಗೊತ್ತಿರಲಿಲ್ಲ. ಯಾರರ ಒಬ್ಬರು ಹೇಳಿದ್ದರ…"

ತನುಜಾಳದು ಮೊದಲಿನಿಂದಲೂ ಮಾತು ಕಡಿಮೆ. ನನ್ನ ಹೊಟ್ಟೆಯಲ್ಲಿ ಹುಟ್ಟಿ ಇಷ್ಟು ಮೆತ್ತಗೆ ಹೇಗಾದಳೋ ಎಂದು ಎಲ್ಲರ ಮುಂದೆ ಚೇಷ್ಟೆ ಮಾಡುತ್ತಿದ್ದೆ. ನೆತ್ತಿಯ ಮೇಲಿನ ಫ್ಯಾನು ನೋಡುತ್ತ ಅವಳು ಹೇಳಿದಳು, "ನನಗ ಗೊತ್ತಿತ್ತವ್ವಾ."

ನನಗೆ ಅರ್ಥವಾಗಲಿಲ್ಲ. "ಏನು ಗೊತ್ತಿತ್ತು?"

"ಆ ಕಾಳು. ಸವಣೂರಾಗ ಅಂಗನವಾಡಿ ಟೀಚರು ಬಸುರ್‍ಯಾರನ್ನೆಲ್ಲಾ ಕುಂದರಿಸಿ ತೋರಿಸಿದ್ರು. ಅತ್ತಿನೂ ಇದ್ರು. ಪ್ಲಾಸ್ಟಿಕ್ ಅಲ್ಲ, ಆರಿಸಿ ಒಗೀಬ್ಯಾಡ್ರಿ ಅಂತ ಹೇಳಿದ್ರು."

ಮಂಚದ ಕಬ್ಬಿಣದ ಪಟ್ಟಿಯನ್ನು ಹಿಡಿದುಕೊಂಡೆ.

"ಬಂದ ದಿನಾನ ನಿನಗ ಹೇಳಬೇಕಂತಿದ್ದೆ" ಎಂದಳು. "ಮರುದಿನ ನೀ ನಮ್ಮ ಅತ್ಯಾರಿಗೆ ಫೋನಿನ್ಯಾಗ ಹಂಗ ಬೈದಿ. ಆಮ್ಯಾಲೆ ಬಾಯಿ ಬರಲಿಲ್ಲ. ನೀ ಸಂತಿಗೆ ಹೋದಾಗ ಬಾಟ್ಲ್ಯಾಗಿಂದ ಒಂದೊಂದು ಮುಟಿಗಿ ತಗದು ಅಕ್ಕಿ ಡಬ್ಬಿಗೆ ಹಾಕತಿದ್ದೆ. ಮುಂಜಾನೆ ನೀ ಮತ್ತ ಎಲ್ಲಾ ಆರಿಸಿ ತಗೀತಿದ್ದಿ. ಮೂರು ಸಲ ಹಾಕಿದೆ. ಆಮ್ಯಾಲೆ ಬಿಟ್ಟೆ."

ಏಳು ವಾರ. ನನ್ನ ಪಕ್ಕದಲ್ಲೇ ಉಂಡು, ನನ್ನ ಪಕ್ಕದಲ್ಲೇ ಮಲಗಿ, ತನ್ನ ರಕ್ತಕ್ಕೆ ಬೇಕಾದದ್ದು ದಿನಾ ಬಾಟಲಿಗೆ ಹೋಗುತ್ತಿರುವುದು ಕಾಣುತ್ತಿದ್ದರೂ, ಹೊಟ್ಟೆಯಲ್ಲಿ ಕೂಸು ಒದೆಯುತ್ತಿದ್ದರೂ, ಈ ಹುಡುಗಿ ಒಂದು ಮಾತು ಹೇಳಲಿಲ್ಲ. ಕಳ್ಳಿಯ ಹಾಗೆ ಕದ್ದು ಹಾಕಿದಳೇ ಹೊರತು ಹೇಳಲಿಲ್ಲ. ತನ್ನ ಜೀವ ಹೋಗುವುದಕ್ಕಿಂತ ಹೆಚ್ಚು ಹೆದರುವಂಥದ್ದು ನನ್ನ ಮನೆಯಲ್ಲಿ ಏನಿತ್ತು?

ನನಗೆ ಮೊದಲು ಬರುವುದು ಸಿಟ್ಟು ಎಂದೆನಲ್ಲ. ಎದ್ದು ನಿಂತೆ. ಸ್ಟೂಲು ಹಿಂದಕ್ಕೆ ಬಿತ್ತು.

"ಹೇಳಬೇಕಿಲ್ಲೇನ ಹುಚ್ಚಿ!" ಎಂದು ಕಿರುಚಿದೆ. ಆಚೆ ಮಂಚದ ಬಾಣಂತಿಯ ಕೂಸು ಬೆಚ್ಚಿ ಅಳಲು ಶುರುಮಾಡಿತು. "ಬಾಯಿ ಇರಲಿಲ್ಲೇನ ನಿನಗ? ಸತ್ತ ಹೋಗತಿದ್ದಿಯಲ್ಲ! ನಾ ಏನು ನಿನ್ನ ಕೊಂದ ಬಿಡತಿದ್ನೇನ?"

ತನುಜಾ ಸೂಜಿಯಿಲ್ಲದ ಕೈಯನ್ನು ಸರಕ್ಕನೆ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು. ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಹುಟ್ಟಿದಾಗಿನಿಂದ ಇಂದಿನವರೆಗೆ ನಾನು ಆ ಹುಡುಗಿಗೆ ಒಂದು ಏಟು ಹಾಕಿದವಳಲ್ಲ.

ಫರ್ಜಾನಾ ಓಡಿಬಂದು ಬಾಗಿಲಲ್ಲಿ ನಿಂತಳು. ತನುಜಾ ಇನ್ನೂ ಕೈ ಇಳಿಸಿರಲಿಲ್ಲ, ನಾನು ಬಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿ, ಅವಳು ಕೈ ಇಳಿಸುವುದನ್ನು ಕಾಯುತ್ತ ಕುಳಿತೆ.